ಶಿಆನ್‌ನಲ್ಲಿ ನಾಲ್ಕು ದಿನ: ಮಣ್ಣಿನ ಸೈನಿಕರನ್ನು ಮೂರನೇ ದಿನಕ್ಕೆ ಇಟ್ಟುಕೊಳ್ಳಿ

ಪ್ರಶ್ನೆ: ನಾವು ಬಾಗಲಕೋಟೆಯವರು. ಬೇಸಿಗೆ ರಜೆಯಲ್ಲಿ ಚೀನಾಕ್ಕೆ ಹೋಗುವ ಯೋಚನೆ ಇದೆ. ಬೀಜಿಂಗ್ ಮುಗಿಸಿ ಶಿಆನ್ ನಗರಕ್ಕೆ ನಾಲ್ಕು ದಿನ ಇಟ್ಟುಕೊಂಡಿದ್ದೇವೆ. ನಾನು, ನಮ್ಮ ಯಜಮಾನರು, 68 ವರ್ಷದ ಅತ್ತೆ, ಒಂಬತ್ತನೇ ತರಗತಿಯ ಮಗಳು, ನಾಲ್ಕನೇ ತರಗತಿಯ ಮಗ. ಅತ್ತೆಯವರಿಗೆ ಮಂಡಿನೋವು. ಎಲ್ಲರೂ ಸಸ್ಯಾಹಾರಿಗಳು. ಟೂರ್ ಕಂಪನಿಯವರು ಮೊದಲ ದಿನವೇ ಟೆರಾಕೋಟಾ ಸೈನ್ಯ (ಸುಟ್ಟ ಮಣ್ಣಿನ ಸೈನಿಕರು), ಮರುದಿನ ಹುವಾಶಾನ್ ಬೆಟ್ಟ, ಊರು ನೋಡೋಕೆ ಒಂದು ದಿನ ಸಾಕು ಅನ್ನುತ್ತಾರೆ. ಹೌದೇ? ಊಟಕ್ಕೆ ಏನು ಮಾಡೋದು? ಗೈಡ್ ಬೇಕಾ, ನಾವೇ ತಿರುಗಬಹುದಾ?

ಉತ್ತರ: ಊರಿಗೆ ಒಂದು ದಿನ ಸಾಲದು. ನಾಲ್ಕು ದಿನ ಇದೆಯಲ್ಲ, ನಾಲ್ಕನ್ನೂ ಶಿಆನ್‌ಗೇ ಕೊಡಿ. ಹುವಾಶಾನ್ ಬಿಟ್ಟುಬಿಡಿ. ಅದು ಊರಿನಿಂದ ಪೂರ್ವಕ್ಕೆ ಸುಮಾರು 120 ಕಿಲೋಮೀಟರ್ ದೂರದ ಕಡಿದಾದ ಕಲ್ಲುಬೆಟ್ಟ. ಕೇಬಲ್ ಕಾರ್ ಇದೆ, ನಿಜ. ಆದರೆ ಅದರಿಂದ ಇಳಿದ ಮೇಲೂ ಮೆಟ್ಟಿಲೋ ಮೆಟ್ಟಿಲು. ಮಂಡಿನೋವಿನವರನ್ನು ಅಲ್ಲಿಗೆ ಕರೆದೊಯ್ದರೆ ಅವರು ಕೆಳಗೆ ಕೂತು ಕಾಯಬೇಕು, ನಿಮಗೆ ಮೇಲೆ ನೆಮ್ಮದಿ ಇರುವುದಿಲ್ಲ.

ಇನ್ನೊಂದು ಬದಲಾವಣೆ. ಟೆರಾಕೋಟಾ ಸೈನ್ಯವನ್ನು ಮೊದಲ ದಿನ ಬೇಡ, ಮೂರನೇ ದಿನಕ್ಕೆ ಇಡಿ. ಎಲ್ಲ ಕಂಪನಿಗಳೂ ಅದನ್ನೇ ಮೊದಲು ಇಡುತ್ತವೆ, ಯಾಕೆಂದರೆ ಜನ ಬರುವುದೇ ಅದಕ್ಕೆ. ಆದರೆ ಅದನ್ನು ಮೊದಲು ನೋಡಿದವರಿಗೆ ಉಳಿದ ಶಿಆನ್ ಸಪ್ಪೆ ಅನ್ನಿಸುತ್ತದೆ. ಮಕ್ಕಳಿಗಂತೂ ಯಾವುದು ಯಾವ ಕಾಲದ್ದು ಅಂತ ಪೂರ್ತಿ ಕಲಸಿಹೋಗುತ್ತದೆ. ಶಿಆನ್‌ನಲ್ಲಿ ಇವತ್ತು ಕಣ್ಣಿಗೆ ಬೀಳುವ ಕೋಟೆ, ಗಂಟೆಗೋಪುರ 14ನೇ ಶತಮಾನದ ಮಿಂಗ್ ವಂಶದ ಕಾಲದವು. ಅವುಗಳ ಕೆಳಗೆ, ಸುತ್ತಮುತ್ತ 7-8ನೇ ಶತಮಾನದ ತಾಂಗ್ ವಂಶದ ರಾಜಧಾನಿ ಚಾಂಗ್‌ಆನ್ ಇದೆ. ಅದಕ್ಕೂ ಹಿಂದೆ, ಊರಾಚೆ, ಕ್ರಿ.ಪೂ. 3ನೇ ಶತಮಾನದ ಚಿನ್ ವಂಶದ ಚಕ್ರವರ್ತಿಯ ಸಮಾಧಿ. ಮಣ್ಣಿನ ಸೈನ್ಯ ಅದರ ಕಾವಲಿಗೆ. ಪುರಾತತ್ವದವರು ಮೇಲಿನಿಂದ ಕೆಳಕ್ಕೆ ಅಗೆಯುತ್ತಾ ಹೋಗುತ್ತಾರಲ್ಲ, ನೀವೂ ಹಾಗೇ ಹೋಗಿ. ಮೊದಲ ದಿನ ಮಿಂಗ್, ಎರಡನೇ ದಿನ ತಾಂಗ್, ಮೂರನೇ ದಿನ ಚಿನ್. ನಾಲ್ಕನೇ ದಿನ ಬಿಟ್ಟುಹೋದದ್ದು, ಬಜಾರು, ವಿಶ್ರಾಂತಿ.

ಯಾವಾಗ ಹೋಗಬೇಕು ಅನ್ನೋದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಈ ವಿಷಯದಲ್ಲಿ ನಮ್ಮ ಶಾಲೆಗಳ ರಜೆ ನಿಮಗೆ ಅನುಕೂಲವಾಗಿಯೇ ಇದೆ. ಚೀನಾದಲ್ಲಿ ಏಪ್ರಿಲ್ ಮೊದಲ ವಾರ ಹಿರಿಯರ ಸಮಾಧಿಗೆ ಹೋಗುವ ಚಿಂಗ್‌ಮಿಂಗ್ ರಜೆ. ಮೇ 1ರಿಂದ ಕಾರ್ಮಿಕರ ದಿನದ ರಜೆ, ದೇಶವೇ ಪ್ರವಾಸಕ್ಕೆ ಹೊರಡುತ್ತದೆ. ಇವೆರಡರ ಮಧ್ಯೆ, ಅಂದರೆ ಏಪ್ರಿಲ್ 12ರಿಂದ 28ರ ಒಳಗೆ ಶಿಆನ್ ಮುಗಿಸಿಬಿಡಿ. ಆಗ ಹವೆ ಹಿತವಾಗಿರುತ್ತದೆ. ಬೆಳಿಗ್ಗೆ ಸಂಜೆ ಸ್ವೆಟರ್ ಬೇಕು, ಮಧ್ಯಾಹ್ನ ಬೇಡ. ಜುಲೈ, ಆಗಸ್ಟ್ ಬಿಸಿಲು 40 ಡಿಗ್ರಿ ಹತ್ತಿರ ಹೋಗುತ್ತದೆ, ಅಲ್ಲಿನ ಶಾಲೆಗಳಿಗೂ ಆಗಲೇ ರಜೆ. ದಸರಾ ರಜೆಯಲ್ಲಿ ಹೋಗುವವರು ಅಕ್ಟೋಬರ್ ಮೊದಲ ವಾರವನ್ನು ತಪ್ಪಿಸಲೇಬೇಕು. ಅದು ಅವರ ರಾಷ್ಟ್ರೀಯ ದಿನದ ರಜೆ, ಕೋಟೆಯ ಮೇಲೆ ನಿಲ್ಲಲೂ ಜಾಗ ಇರುವುದಿಲ್ಲ.

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕೇ ಬೇಕು. ಹಲವು ದೇಶದವರಿಗೆ ಕೊಟ್ಟಿರುವ 240 ಗಂಟೆಗಳ ವೀಸಾರಹಿತ ಟ್ರಾನ್ಸಿಟ್ ಸೌಲಭ್ಯ ನಮಗೆ ಇಲ್ಲ. ಟೂರ್ ಏಜೆಂಟ್ ಏನೇ ಹೇಳಿದರೂ ಇದನ್ನು ನೆನಪಿಟ್ಟುಕೊಳ್ಳಿ.

ಬೀಜಿಂಗ್‌ನಿಂದ ವಿಮಾನ ಬೇಡ, ಹೈಸ್ಪೀಡ್ ರೈಲು ಹಿಡಿಯಿರಿ. ಸುಮಾರು 1,200 ಕಿಲೋಮೀಟರನ್ನು ಐದು ಗಂಟೆ ಆಚೀಚೆಯಲ್ಲಿ ಮುಗಿಸುತ್ತದೆ. ಟಿಕೆಟ್ ಪ್ರಯಾಣಕ್ಕೆ 15 ದಿನ ಮೊದಲು ಬಿಡುತ್ತಾರೆ, ಪಾಸ್‌ಪೋರ್ಟ್ ನಂಬರ್ ಮೇಲೇ ಬುಕ್ ಆಗುತ್ತದೆ. 6 ತುಂಬಿ 14 ತುಂಬದ ಮಕ್ಕಳಿಗೆ ರಿಯಾಯಿತಿ ಟಿಕೆಟ್. ಮಗನಿಗೆ ಅದು ಸಿಗುತ್ತದೆ, ಮಗಳಿಗೆ ಹುಟ್ಟಿದ ದಿನಾಂಕ ನೋಡಿಕೊಳ್ಳಿ. ರೈಲು ನಿಲ್ಲುವುದು ಶಿಆನ್ ಉತ್ತರ ನಿಲ್ದಾಣದಲ್ಲಿ. ಅಲ್ಲಿಂದ ಮೆಟ್ರೋ 2ನೇ ಮಾರ್ಗ ನೇರವಾಗಿ ಗಂಟೆಗೋಪುರಕ್ಕೆ, ಆಮೇಲೆ ಕೋಟೆಯ ದಕ್ಷಿಣ ಬಾಗಿಲಿಗೆ ಬರುತ್ತದೆ. ಹೋಟೆಲನ್ನು ಈ ಎರಡು ನಿಲ್ದಾಣಗಳ ನಡುವೆ ಎಲ್ಲಾದರೂ ಮಾಡಿ. ಸ್ವಲ್ಪ ಜಾಸ್ತಿ ಬಾಡಿಗೆ ಆದರೂ ಪರವಾಗಿಲ್ಲ. ಮಧ್ಯಾಹ್ನ ಅತ್ತೆಯವರು ರೂಮಿಗೆ ಬಂದು ಒಂದು ಗಂಟೆ ಮಲಗಿ ಎದ್ದರೆ ಸಂಜೆ ಮತ್ತೆ ಹೊರಡುತ್ತಾರೆ. ಹಿರಿಯರ ಜೊತೆಗಿನ ಪ್ರವಾಸದಲ್ಲಿ ಇದಕ್ಕಿಂತ ದೊಡ್ಡ ಉಳಿತಾಯ ಇಲ್ಲ.

ಮೊದಲ ದಿನ ಸಂಜೆ ನಾಲ್ಕರ ಹೊತ್ತಿಗೆ ಕೋಟೆ ಹತ್ತಿ. ಮಿಂಗ್ ವಂಶದ ಮೊದಲ ಚಕ್ರವರ್ತಿಯ ಕಾಲದಲ್ಲಿ, 1370ರ ದಶಕದಲ್ಲಿ, ಕಟ್ಟಿದ ಗೋಡೆ ಇದು. ಸುತ್ತಳತೆ 13.7 ಕಿಲೋಮೀಟರ್, ಎತ್ತರ 12 ಮೀಟರ್. ಮೇಲ್ಭಾಗದ ಅಗಲವೇ 12 ಮೀಟರ್‌ಗಿಂತ ಹೆಚ್ಚು, ಬಸ್ಸುಗಳು ಅಕ್ಕಪಕ್ಕ ಹೋಗುವಷ್ಟು. ಚೀನಾದ ಬಹಳ ಊರುಗಳು ತಮ್ಮ ಕೋಟೆಗಳನ್ನು 20ನೇ ಶತಮಾನದಲ್ಲಿ ಒಡೆದುಹಾಕಿದವು. ಶಿಆನ್ ಉಳಿಸಿಕೊಂಡಿತು, 1980ರ ದಶಕದಲ್ಲಿ ದುರಸ್ತಿ ಮಾಡಿತು. ಹಾಗಾಗಿ ಒಂದು ದೊಡ್ಡ ನಗರವನ್ನು ಪೂರ್ತಿ ಸುತ್ತುವ ಕೋಟೆಯ ಮೇಲೆ ನೀವು ಸೈಕಲ್ ಹೊಡೆಯಬಹುದು. ಮೇಲೆ ಬಾಡಿಗೆಗೆ ಸಿಗುತ್ತದೆ, ಇಬ್ಬರು ತುಳಿಯುವ ಸೈಕಲ್ಲೂ ಇದೆ. ನೆಲಕ್ಕೆ ಹಳೆಯ ಇಟ್ಟಿಗೆ, ಕುಲುಕಾಟ ಜಾಸ್ತಿ. ಪೂರ್ತಿ ಸುತ್ತಿಗೆ ಎರಡು ಗಂಟೆ ಹಿಡಿಯಿರಿ. ಮಗನನ್ನು ಅಪ್ಪನ ಜೊತೆ ಎರಡು ಸೀಟಿನದ್ದರಲ್ಲಿ ಕೂರಿಸಿ. ಅತ್ತೆಯವರು ಮೆಟ್ಟಿಲನ್ನು ನಿಧಾನವಾಗಿ ಒಮ್ಮೆ ಹತ್ತಿದರೆ ಆಯಿತು, ಮೇಲೆ ಬ್ಯಾಟರಿ ಗಾಡಿ ಇದೆ. ನೀವು ಅವರ ಜೊತೆ ಅದರಲ್ಲಿ ಕೂರಿ. ಕತ್ತಲಾಗುವಾಗ ಗೋಪುರಗಳಿಗೆ ದೀಪ ಹಾಕುತ್ತಾರೆ, ಅದನ್ನು ನೋಡಿಯೇ ಇಳಿಯಿರಿ.

ಗಂಟೆಗೋಪುರ 1384ರದ್ದು, ನಗಾರಿಗೋಪುರ 1380ರದ್ದು. ಬೆಳಿಗ್ಗೆ ಗಂಟೆ, ಸಂಜೆ ನಗಾರಿ, ಹೀಗೆ ಊರಿಗೆ ಹೊತ್ತು ತಿಳಿಸುತ್ತಿದ್ದರು. ಗಂಟೆಗೋಪುರ ಈಗ ನಾಲ್ಕು ದೊಡ್ಡ ರಸ್ತೆ ಕೂಡುವ ವೃತ್ತದ ನಡುವೆ ನಿಂತಿದೆ. ಮೊದಲು ಬೇರೆ ಕಡೆ ಇತ್ತು, 1582ರಲ್ಲಿ ಇಲ್ಲಿಗೆ ಸ್ಥಳಾಂತರಿಸಿದರು. ಎರಡನ್ನೂ ಹೊರಗಿನಿಂದ ನೋಡಿದರೆ ಸಾಕು.

ಎರಡನೇ ದಿನ ನಿಮ್ಮ ದಿನ. ಬಾಗಲಕೋಟೆ ಜಿಲ್ಲೆಯವರು ನೋಡಲೇಬೇಕಾದ ಜಾಗ ಶಿಆನ್‌ನಲ್ಲಿ ಒಂದಿದ್ದರೆ ಅದು ದೊಡ್ಡ ಹೆಬ್ಬಾತು ಪಗೋಡ ಎಂಬ ಬೌದ್ಧ ಗೋಪುರ. ನಮ್ಮ ಪಠ್ಯಪುಸ್ತಕದಲ್ಲಿ ಹ್ಯುಯೆನ್‌ತ್ಸಾಂಗ್ ಅಂತ ಓದಿದ್ದೇವಲ್ಲ, ಆ ಭಿಕ್ಷುವಿಗಾಗಿ ಕಟ್ಟಿದ್ದು ಇದು. ಅಲ್ಲಿ ಎಲ್ಲರೂ ಶ್ವೆನ್‌ಜಾಂಗ್ ಅನ್ನುತ್ತಾರೆ, ಮಕ್ಕಳಿಗೆ ಮೊದಲೇ ಹೇಳಿಡಿ. ಅವರು 629ರ ಸುಮಾರಿಗೆ ಚಕ್ರವರ್ತಿಯ ಅಪ್ಪಣೆ ಇಲ್ಲದೆ ಗುಟ್ಟಾಗಿ ಈ ಊರು ಬಿಟ್ಟರು. ಮರುಭೂಮಿ, ಹಿಮದ ಬೆಟ್ಟ ದಾಟಿ ಭಾರತಕ್ಕೆ ಬಂದರು. ನಾಲಂದಾದಲ್ಲಿ ಓದಿದರು, ದಖ್ಖನಿಗೆ ಇಳಿದರು. ಆಮೇಲೆ ಹರ್ಷವರ್ಧನನ ಆಸ್ಥಾನ ಕಂಡರು.

ದಖ್ಖನಿನಲ್ಲಿ ಅವರು ಕಂಡದ್ದು ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯ ರಾಜ್ಯ. ಅದರ ಬಗ್ಗೆ ಅವರು ಬರೆದಿಟ್ಟದ್ದು ಇಂದಿಗೂ ಉಳಿದಿದೆ. ಇಲ್ಲಿನ ಜನ ಸರಳ, ಪ್ರಾಮಾಣಿಕ, ಆದರೆ ಗಟ್ಟಿಗರು. ಉಪಕಾರ ಮಾಡಿದವರನ್ನು ಮರೆಯುವುದಿಲ್ಲ, ಅವಮಾನ ಮಾಡಿದವರನ್ನು ಬಿಡುವುದಿಲ್ಲ. ಸೋತು ಬಂದ ಸೇನಾಪತಿಗೆ ಬೇರೆ ಶಿಕ್ಷೆ ಇಲ್ಲ, ಹೆಂಗಸರ ಬಟ್ಟೆ ಕೊಡುತ್ತಾರೆ, ಅಷ್ಟೇ. ಯುದ್ಧಕ್ಕೆ ಮೊದಲು ಆನೆಗಳಿಗೆ ಮದ್ಯ ಕುಡಿಸುತ್ತಾರೆ. ಹರ್ಷ ಪೂರ್ವದಿಂದ ಪಶ್ಚಿಮದವರೆಗೆ ಗೆದ್ದರೂ ಈ ದೇಶದವರು ಮಾತ್ರ ಅವನಿಗೆ ತಲೆಬಾಗಲಿಲ್ಲ. ಇದೇ ಗೆಲುವನ್ನು ರವಿಕೀರ್ತಿ 634ರ ಐಹೊಳೆ ಶಾಸನದಲ್ಲಿ ಬರೆದಿದ್ದಾನೆ. ಹೊರಡುವ ಮುಂಚೆ ಒಂದು ಭಾನುವಾರ ಮಕ್ಕಳನ್ನು ಐಹೊಳೆಯ ಮೇಗುತಿ ಗುಡ್ಡ ಹತ್ತಿಸಿ ಆ ಶಾಸನ ತೋರಿಸಿ. ಒಂದೇ ಯುದ್ಧದ ಸುದ್ದಿ ಒಂದು ಕಡೆ ಮೇಗುತಿಯ ಗೋಡೆಯಲ್ಲಿದೆ, ಇನ್ನೊಂದು ಕಡೆ ಚೀನೀ ಭಿಕ್ಷುವಿನ ಬರಹದಲ್ಲಿದೆ. ಆ ಬರಹ ಮುಗಿದದ್ದು 646ರಲ್ಲಿ, ಇದೇ ಚಾಂಗ್‌ಆನ್‌ನಲ್ಲಿ. ಎರಡನ್ನೂ ಒಂದೇ ರಜೆಯಲ್ಲಿ ಕೂಡಿಸಿ ನೋಡುವ ಅವಕಾಶ ನಿಮ್ಮ ಮಕ್ಕಳಿಗಿದೆ. ಯಾವ ಟೂರ್ ಕಂಪನಿಯೂ ಇದನ್ನು ಕಟ್ಟಿಕೊಡುವುದಿಲ್ಲ.

ಶ್ವೆನ್‌ಜಾಂಗ್ 645ರಲ್ಲಿ ಹಿಂತಿರುಗಿದಾಗ ಗುಟ್ಟಾಗಿ ಹೋದವರಿಗೆ ಊರೇ ನೆರೆದು ಸ್ವಾಗತ ಮಾಡಿತು. 20 ಕುದುರೆಗಳ ಮೇಲೆ 657 ಗ್ರಂಥಗಳನ್ನು ತಂದಿದ್ದರು. ಅವನ್ನು ಬೆಂಕಿಯಿಂದ ಕಾಪಾಡಿ ಇಡಲು 652ರಲ್ಲಿ ಪಗೋಡ ಎದ್ದಿತು. ಮೊದಲು ಐದು ಅಂತಸ್ತು ಇತ್ತು. ಈಗಿನದು 8ನೇ ಶತಮಾನದ ಮೊದಲಲ್ಲಿ ಮತ್ತೆ ಕಟ್ಟಿದ, ಆಮೇಲೆ ದುರಸ್ತಿ ಕಂಡ ಏಳಂತಸ್ತು, 64 ಮೀಟರ್ ಎತ್ತರ. ಸ್ವಲ್ಪ ವಾಲಿದೆ, ಗಮನಿಸಿ ನೋಡಿ. ಊರಿನವರು ಕೊಳವೆಬಾವಿಗಳಿಂದ ನೀರೆತ್ತಿ ನೆಲ ಕುಸಿದು, 1996ರ ಹೊತ್ತಿಗೆ ವಾಲು ಒಂದು ಮೀಟರಿನಷ್ಟಾಗಿತ್ತು. ಅಂತರ್ಜಲ ತೆಗೆಯುವುದಕ್ಕೆ ಕಡಿವಾಣ ಹಾಕಿದ ಮೇಲೆ ನಿಧಾನವಾಗಿ ಸರಿಹೋಗುತ್ತಿದೆ. ಕೆಳಗೆ ದಕ್ಷಿಣದ ಬಾಗಿಲಿನ ಎರಡೂ ಪಕ್ಕ 653ರ ಎರಡು ಶಿಲಾಶಾಸನಗಳಿವೆ. ಭಾರತದಿಂದ ತಂದ ಗ್ರಂಥಗಳ ಅನುವಾದಕ್ಕೆ ಅಪ್ಪ, ಮಗ ಇಬ್ಬರು ಚಕ್ರವರ್ತಿಗಳು ಬರೆದ ಮುನ್ನುಡಿ ಅವು. ಬಹಳ ಜನ ಮೇಲೆ ಹತ್ತುವ ಆತುರದಲ್ಲಿ ಇದನ್ನು ನೋಡದೆ ಹೋಗುತ್ತಾರೆ. ನೀವು ನಿಲ್ಲಿ. ಒಳಗಿನ ಮೆಟ್ಟಿಲು ಇಕ್ಕಟ್ಟು, ಅತ್ತೆಯವರು ಹತ್ತುವುದು ಬೇಡ. ಸುತ್ತ ದೇವಸ್ಥಾನದ ಅಂಗಳ ದೊಡ್ಡದು, ಮರದ ನೆರಳಿದೆ. ಈಗಲೂ ಪೂಜೆ ನಡೆಯುವ ಬೌದ್ಧ ವಿಹಾರ ಅದು. ಅವರಿಗೆ ಬಹುಶಃ ಇಡೀ ಪ್ರವಾಸದಲ್ಲಿ ಹೆಚ್ಚು ಇಷ್ಟವಾಗುವ ಜಾಗ ಇದೇ.

ಒಂಬತ್ತನೇ ತರಗತಿಯ ಮಗಳಿಗೆ ಗಣಿತ ಇಷ್ಟವೇ? ಹಾಗಾದರೆ ಗೌತಮ ಸಿದ್ಧನ ವಿಷಯ ಹೇಳಿ. ಭಾರತೀಯ ಮೂಲದ ಈ ಖಗೋಳಜ್ಞ ತಾಂಗ್ ಚಕ್ರವರ್ತಿಯ ಖಗೋಳ ಇಲಾಖೆಯ ಮುಖ್ಯಸ್ಥನಾಗಿದ್ದ. 718ರಲ್ಲಿ ನಮ್ಮ ನವಗ್ರಹ ಪಂಚಾಂಗದ ಲೆಕ್ಕವನ್ನು ಚೀನೀ ಭಾಷೆಗೆ ತಂದ. ಅದರಲ್ಲಿ ಸೊನ್ನೆಗೆ ಚುಕ್ಕೆ ಇಡುವ ಕ್ರಮವನ್ನೂ ವಿವರಿಸಿದ. ಅವನ ಮಗನ ಸಮಾಧಿ 1977ರಲ್ಲಿ ಶಿಆನ್ ಹೊರವಲಯದಲ್ಲೇ ಸಿಕ್ಕಿತು. ಅಂದರೆ ಈ ಊರಿಗೂ ನಮ್ಮವರಿಗೂ ಸಂಬಂಧ ಒಬ್ಬ ಯಾತ್ರಿಕನದ್ದಷ್ಟೇ ಅಲ್ಲ. ತಲೆಮಾರುಗಟ್ಟಲೆ ಇಲ್ಲೇ ಸಂಸಾರ ಮಾಡಿಕೊಂಡಿದ್ದವರು ಇದ್ದರು.

ಪಗೋಡದ ಬುಡದಲ್ಲಿ ನಿಂತು ಒಂದು ಲೆಕ್ಕ ಹಾಕಿ. ನಿನ್ನೆ ನೀವು ಸುತ್ತಿದ ಕೋಟೆ ಇಲ್ಲಿಂದ ಕಿಲೋಮೀಟರುಗಟ್ಟಲೆ ಉತ್ತರಕ್ಕಿದೆ. ಆದರೆ ತಾಂಗ್ ಕಾಲದಲ್ಲಿ ಈ ಪಗೋಡ ಊರ ಗೋಡೆಯ ಒಳಗೇ ಇತ್ತು. ಆಗಿನ ಚಾಂಗ್‌ಆನ್ 84 ಚದರ ಕಿಲೋಮೀಟರ್, ಮಿಂಗ್ ಕೋಟೆಯ ಒಳಗಿನ ಜಾಗದ ಸುಮಾರು ಏಳು ಪಟ್ಟು. ನೇರ ರಸ್ತೆಗಳು, ನೂರಕ್ಕೂ ಹೆಚ್ಚು ಗೋಡೆ ಕಟ್ಟಿದ ಕೇರಿಗಳು, ಎರಡು ದೊಡ್ಡ ಸಂತೆ, ಸುಮಾರು ಹತ್ತು ಲಕ್ಷ ಜನ. 904ರಲ್ಲಿ ಒಬ್ಬ ಸೇನಾಧಿಪತಿ ಚಕ್ರವರ್ತಿಯನ್ನು ಲುವೊಯಾಂಗ್‌ಗೆ ಎಳೆದೊಯ್ದ. ಇಲ್ಲಿನ ಅರಮನೆ, ಮನೆಗಳನ್ನು ಕಳಚಿಸಿ ಮರವನ್ನೆಲ್ಲ ವೇ ನದಿಯಲ್ಲಿ ತೇಲಿಬಿಟ್ಟು ಸಾಗಿಸಿದ. ಅದಕ್ಕೇ ತಾಂಗ್ ಕಾಲದ್ದು ಅಂತ ನೆಲದ ಮೇಲೆ ಉಳಿದದ್ದು ಇಂಥ ಇಟ್ಟಿಗೆ ಪಗೋಡಗಳು ಮಾತ್ರ.

ಮಧ್ಯಾಹ್ನ ಮಲಗಿ ಎದ್ದ ಮೇಲೆ ಚಿಕ್ಕ ಹೆಬ್ಬಾತು ಪಗೋಡಕ್ಕೆ ಹೋಗಿ. ಇದು 707ರ ಸುಮಾರಿಗೆ ಶುರುವಾದದ್ದು. ಸಮುದ್ರದ ದಾರಿಯಲ್ಲಿ ಭಾರತಕ್ಕೆ ಬಂದು ಹೋದ ಇನ್ನೊಬ್ಬ ಭಿಕ್ಷು ಯಿಜಿಂಗ್ ಗ್ರಂಥಗಳನ್ನು ಅನುವಾದಿಸಿದ ವಿಹಾರ. ಮೊದಲು 15 ಅಂತಸ್ತು. 1556ರ ಭೂಕಂಪದಲ್ಲಿ ತುದಿ ಬಿದ್ದು 13 ಉಳಿದವು. ಆ ಭೂಕಂಪದಲ್ಲಿ ಈ ಪ್ರಾಂತ್ಯ, ಅಕ್ಕಪಕ್ಕದ ಪ್ರಾಂತ್ಯಗಳು ಸೇರಿ ಎಂಟು ಲಕ್ಷಕ್ಕೂ ಹೆಚ್ಚು ಜನ ಸತ್ತರು ಅನ್ನುತ್ತವೆ ದಾಖಲೆಗಳು. ಪಕ್ಕದಲ್ಲೇ ಶಿಆನ್ ಮ್ಯೂಸಿಯಂ. ಇಲ್ಲಿ ನನ್ನ ಅಭಿಪ್ರಾಯ ಖಚಿತ. ಎಲ್ಲರೂ ಶಾನ್‌ಶಿ ಇತಿಹಾಸ ಮ್ಯೂಸಿಯಂ ಅನ್ನುತ್ತಾರೆ. ಅದು ದೊಡ್ಡದು, ಅದ್ಭುತವಾದದ್ದು, 1970ರಲ್ಲಿ ಒಂದು ಹಳ್ಳಿಯಲ್ಲಿ ಸಿಕ್ಕ ತಾಂಗ್ ಕಾಲದ ಚಿನ್ನ ಬೆಳ್ಳಿಯ ನಿಧಿ ಅಲ್ಲಿದೆ. ಆದರೆ ಮುಂಗಡ ಟಿಕೆಟ್ ನಿಮಿಷಗಳಲ್ಲಿ ಖಾಲಿ, ಒಳಗೆ ನೂಕುನುಗ್ಗಲು. ಟಿಕೆಟ್ ಸಿಕ್ಕರೆ ಹೋಗಿ, ಸಿಗದಿದ್ದರೆ ಕೊರಗಬೇಡಿ. ವಯಸ್ಸಾದವರು, ಮಕ್ಕಳ ಜೊತೆಗೆ ಮರಗಳ ನಡುವಿನ ಈ ಚಿಕ್ಕ ಮ್ಯೂಸಿಯಮ್ಮೇ ವಾಸಿ.

ರಾತ್ರಿ ದೊಡ್ಡ ಪಗೋಡದ ದಕ್ಷಿಣಕ್ಕಿರುವ ದಾತಾಂಗ್ ಬುಯೆಚೆಂಗ್ ಬೀದಿ. ಎಲ್ಲ ಹೊಸದಾಗಿ ಕಟ್ಟಿದ್ದು, ದೀಪಗಳ ಜಾತ್ರೆ. ಹೊಸದು ಅಂತ ಕೆಲವರು ಮೂಗು ಮುರಿಯುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅಲ್ಲಿನ ಹುಡುಗಿಯರು ತಾಂಗ್ ಕಾಲದ ಉಡುಪು ಹಾಕಿ, ತಲೆ ಬಾಚಿಸಿಕೊಂಡು, ಗುಂಪು ಗುಂಪಾಗಿ ಬರುತ್ತಾರೆ. ತಮ್ಮ ಊರಿನ ಹಳೆಯ ವೈಭವವನ್ನು ಅವರು ಮೈಮೇಲೆ ಹಾಕಿಕೊಂಡು ಸಂಭ್ರಮಿಸುವುದು ನೋಡಲು ಖುಷಿ. ಮಗಳಿಗೂ ಬಾಡಿಗೆಗೆ ಒಂದು ಉಡುಪು ಕೊಡಿಸಿ. ಅಂಗಡಿಯವರೇ ಜಡೆ, ಅಲಂಕಾರ ಮಾಡುತ್ತಾರೆ. ಅದಕ್ಕೆ ಒಂದು ಗಂಟೆಗೂ ಮೀರಿ ಸಮಯ ಹಿಡಿಯುತ್ತದೆ.

ಮೂರನೇ ದಿನ ಮಣ್ಣಿನ ಸೈನಿಕರು. ಊರಿನಿಂದ ಪೂರ್ವಕ್ಕೆ 40 ಕಿಲೋಮೀಟರ್, ಲಿಂತಾಂಗ್ ಎಂಬಲ್ಲಿ. ಮೆಟ್ರೋ 9ನೇ ಮಾರ್ಗದಲ್ಲಿ ಹುವಾಚಿಂಗ್ ಕೊಳದ ನಿಲ್ದಾಣದವರೆಗೆ ಹೋಗಿ ಬಸ್ ಹಿಡಿಯಬಹುದು. ಆದರೆ ನೀವು ಐದು ಜನ, ಅದರಲ್ಲಿ ಒಬ್ಬರಿಗೆ ಮಂಡಿನೋವು. ದಿನದ ಮಟ್ಟಿಗೆ ಒಂದು ದೊಡ್ಡ ಕಾರು ಮಾಡಿಕೊಳ್ಳಿ. ಕಾರಿನವರು ದಾರಿಯಲ್ಲಿ "ಕಾರ್ಖಾನೆ ತೋರಿಸುತ್ತೇವೆ" ಅಂತ ಗೊಂಬೆ, ರೇಷ್ಮೆ, ಜೇಡ್ ಅಂಗಡಿಗೆ ತಿರುಗಿಸುವುದುಂಟು. ಬೇಡ ಅಂತ ಹೊರಡುವಾಗಲೇ ಹೇಳಿ. ಟಿಕೆಟ್ 120 ಯುವಾನ್, ಪಾಸ್‌ಪೋರ್ಟ್ ಹೆಸರಲ್ಲಿ ಮುಂಗಡ ಬುಕ್ ಆಗಿರಬೇಕು. ಐದೂ ಪಾಸ್‌ಪೋರ್ಟ್ ಕೈಯಲ್ಲಿರಲಿ.

1974ರ ಮಾರ್ಚ್‌ನಲ್ಲಿ ಬರಗಾಲಕ್ಕೆ ಬಾವಿ ತೋಡುತ್ತಿದ್ದ ರೈತರಿಗೆ ಮಣ್ಣಿನ ತಲೆ, ಕೈಕಾಲು ಸಿಕ್ಕವು. ಅಲ್ಲಿಂದ ಶುರು. ಚಿನ್ ಶಿ ಹುವಾಂಗ್ ಕ್ರಿ.ಪೂ. 221ರಲ್ಲಿ ಚೀನಾವನ್ನು ಮೊದಲ ಬಾರಿಗೆ ಒಂದು ಮಾಡಿದವನು, ಕ್ರಿ.ಪೂ. 210ರಲ್ಲಿ ಸತ್ತ. ಸತ್ತ ಮೇಲೂ ತನ್ನನ್ನು ಕಾಯಲು ಸುಮಾರು 8,000 ಆಳೆತ್ತರದ ಸೈನಿಕರನ್ನು ಮಣ್ಣಿನಲ್ಲಿ ಮಾಡಿಸಿ ಹೂಳಿಸಿದ್ದ.

ಮೂರು ಗುಂಡಿಗಳಿವೆ. ಜನ ನೇರವಾಗಿ ಒಂದನೆಯದಕ್ಕೆ ನುಗ್ಗುತ್ತಾರೆ. ನೀವು ಮೂರು, ಎರಡು, ಒಂದು ಹೀಗೆ ಬನ್ನಿ. ಮೂರನೆಯದು ಚಿಕ್ಕದು, ಸೇನೆಯ ಮುಖ್ಯ ಠಾಣೆ, ಒಂದು ರಥ, ಅರವತ್ತು ಚಿಲ್ಲರೆ ಸೈನಿಕರು. ಎರಡನೆಯದರಲ್ಲಿ ಹೆಚ್ಚಿನದ್ದು ಇನ್ನೂ ಅಗೆದಿಲ್ಲ. ಸುಟ್ಟು ಕುಸಿದ ಮರದ ಚಾವಣಿಯ ಅಚ್ಚು ಮಣ್ಣಿನ ಮೇಲೆ ಅಲೆ ಅಲೆಯಾಗಿ ಕಾಣುತ್ತದೆ. ಅಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ಮಂಡಿಯೂರಿ ಕೂತ ಬಿಲ್ಲುಗಾರ ಇದ್ದಾನೆ. ಅವನನ್ನು ಹತ್ತಿರದಿಂದ ನೋಡಿ. ಜಡೆಯ ಎಳೆ, ಚಪ್ಪಲಿಯ ಅಟ್ಟೆಯ ಹೊಲಿಗೆ ಕೂಡ ಕೆತ್ತಿದ್ದಾರೆ. ಇದೆಲ್ಲ ನೋಡಿ ಒಂದನೇ ಗುಂಡಿಗೆ ಬಂದರೆ, 230 ಮೀಟರ್ ಉದ್ದ, 62 ಮೀಟರ್ ಅಗಲದ ಚಾವಣಿಯ ಕೆಳಗೆ ಸಾಲು ಸಾಲು ಜನ. ಆಗ ಮಗ "ಇಷ್ಟೊಂದಾ" ಅನ್ನುತ್ತಾನೆ. ಮೊದಲೇ ಇದನ್ನು ನೋಡಿಬಿಟ್ಟರೆ ಉಳಿದೆರಡು ಗುಂಡಿಯಲ್ಲಿ ಅವನು ಐದು ನಿಮಿಷವೂ ನಿಲ್ಲುವುದಿಲ್ಲ.

ಒಂದನೇ ಗುಂಡಿಯಲ್ಲಿ ಮುಂದಿನ ಕಟಕಟೆಯ ಬಳಿ ಫೋಟೋ ತೆಗೆದು ಹಿಂತಿರುಗಬೇಡಿ. ಪಕ್ಕದ ದಾರಿಯಲ್ಲಿ ನಡೆದು ಹಿಂಭಾಗಕ್ಕೆ ಹೋಗಿ. ಅಲ್ಲಿ ಸೈನಿಕರನ್ನು ಜೋಡಿಸುವ ಜಾಗವಿದೆ. ಈ ಸೈನಿಕರಲ್ಲಿ ಬಹುತೇಕ ಎಲ್ಲರೂ ಚೂರು ಚೂರಾಗಿ ಸಿಕ್ಕವರು. ಚಾವಣಿ ಸುಟ್ಟು ಬಿದ್ದಾಗ ಒಡೆದವರು. ಒಬ್ಬೊಬ್ಬನನ್ನು ಜೋಡಿಸಲು ತಿಂಗಳುಗಟ್ಟಲೆ ಬೇಕು. ಅರ್ಧ ಜೋಡಿಸಿದ ಮೈಗೆ ಪಟ್ಟಿ ಕಟ್ಟಿ ನಿಲ್ಲಿಸಿರುತ್ತಾರೆ. ಮಕ್ಕಳಿಗೆ ಇದು ನಿಂತ ಸಾಲುಗಳಿಗಿಂತ ಹೆಚ್ಚು ಹಿಡಿಸುತ್ತದೆ. ಇನ್ನೂ ಒಂದು ವಿಷಯ ಹೇಳಿ. ಇವರೆಲ್ಲ ಮೊದಲು ಕೆಂಪು, ಹಸಿರು, ನೇರಳೆ ಬಣ್ಣ ಬಳಿದುಕೊಂಡಿದ್ದವರು. ಮಣ್ಣಿನಿಂದ ತೆಗೆದ ನಿಮಿಷಗಳಲ್ಲಿ ಬಣ್ಣದ ಕೆಳಗಿನ ಅರಗು ಒಣಗಿ, ಸುರುಳಿಯಾಗಿ, ಬಣ್ಣ ಉದುರಿಹೋಗುತ್ತಿತ್ತು. ಅದಕ್ಕೇ ಈಗ ಆತುರದಲ್ಲಿ ಅಗೆಯುವುದಿಲ್ಲ.

ಇಷ್ಟಕ್ಕೇ ವಾಪಸ್ ಹೊರಡುವವರೇ ಜಾಸ್ತಿ. ಅದೇ ಟಿಕೆಟ್‌ನಲ್ಲಿ ಉಚಿತ ಬಸ್ಸು ಹತ್ತಿ ಒಂದೂವರೆ ಕಿಲೋಮೀಟರ್ ದೂರದ ಲಿಶಾನ್ ಉದ್ಯಾನಕ್ಕೆ ಹೋಗಿ. ಚಕ್ರವರ್ತಿಯ ಸಮಾಧಿ ದಿಬ್ಬ ಇರುವುದು ಅಲ್ಲಿ. ಗಿಡಮರ ಬೆಳೆದ ಒಂದು ಗುಡ್ಡ, ಅಷ್ಟೇ ಕಾಣುವುದು. ಅದನ್ನು ಇವತ್ತಿಗೂ ತೆರೆದಿಲ್ಲ. ಒಳಗೆ ಪಾದರಸದ ನದಿಗಳು ಹರಿಯುತ್ತಿದ್ದವು ಎಂದು ಸಿಮಾ ಚಿಯೆನ್ ಎಂಬ ಇತಿಹಾಸಕಾರ ಸುಮಾರು ನೂರು ವರ್ಷದ ನಂತರ ಬರೆದ. ದಿಬ್ಬದ ಮಣ್ಣು ಪರೀಕ್ಷೆ ಮಾಡಿದಾಗ ಪಾದರಸದ ಪ್ರಮಾಣ ಅಸಾಮಾನ್ಯವಾಗಿ ಹೆಚ್ಚೇ ಇತ್ತು. 1980ರಲ್ಲಿ ಸಿಕ್ಕ ಎರಡು ಕಂಚಿನ ರಥಗಳೂ ಈಗ ಇದೇ ಉದ್ಯಾನದ ಹೊಸ ಮ್ಯೂಸಿಯಮ್ಮಿನಲ್ಲಿವೆ. ನಿಜವಾದ ಅಳತೆಯ ಅರ್ಧ, ತಲಾ ನಾಲ್ಕು ಕುದುರೆ, ಒಂದಕ್ಕೆ ಛತ್ರಿ. ಲಗಾಮಿನ ಚಿನ್ನ ಬೆಳ್ಳಿಯ ಕೆಲಸ ನೋಡಿದರೆ ಮಣ್ಣಿನ ಸೈನಿಕರನ್ನು ಮಾಡಿದ ಕೈಗಳ ಬಗ್ಗೆ ಗೌರವ ಇನ್ನೂ ಹೆಚ್ಚುತ್ತದೆ. ಹುವಾಚಿಂಗ್ ಕೊಳ ಹತ್ತಿರದಲ್ಲೇ ಇದೆ. 1936ರ ಡಿಸೆಂಬರ್‌ನಲ್ಲಿ ಆಗ ಚೀನಾ ಆಳುತ್ತಿದ್ದ ಚಿಯಾಂಗ್ ಕೈಶೆಕ್‌ನನ್ನು ಅವನ ಸೇನಾಪತಿಗಳೇ ಸೆರೆಹಿಡಿದದ್ದು ಅಲ್ಲೇ. ಆದರೆ ಅದೇ ದಿನ ಅದನ್ನೂ ತುರುಕಬೇಡಿ, ಅತ್ತೆಯವರ ಕಾಲು ಆ ಹೊತ್ತಿಗೆ ಸಾಕು ಅನ್ನುತ್ತಿರುತ್ತದೆ. ಮ್ಯೂಸಿಯಂ ಆವರಣ ಬಹಳ ದೊಡ್ಡದು. ಗೇಟಿನಲ್ಲಿ ಗಾಲಿಕುರ್ಚಿ ಕೇಳಿ ಪಡೆಯಿರಿ, ನಾಚಿಕೆ ಬೇಡ.

ನಾಲ್ಕನೇ ದಿನ ಬೆಳಿಗ್ಗೆ ಶಿಲಾಶಾಸನಗಳ ಮ್ಯೂಸಿಯಂ ಬೇಲಿನ್, ಕೋಟೆಯ ದಕ್ಷಿಣ ಬಾಗಿಲ ಹತ್ತಿರ. 1087ರಿಂದ ಕಲ್ಲುಗಳನ್ನು ಇಲ್ಲಿ ಕೂಡಿಡುತ್ತಿದ್ದಾರೆ. 837ರಲ್ಲಿ ಕೆತ್ತಿ ಮುಗಿಸಿದ 114 ದೊಡ್ಡ ಕಲ್ಲುಗಳಲ್ಲಿ ಕನ್ಫ್ಯೂಷಿಯಸ್ ಪರಂಪರೆಯ ಗ್ರಂಥಗಳು ಪೂರ್ತಿ ಇವೆ. ನಕಲು ಮಾಡುವಾಗ ತಪ್ಪಾಗಬಾರದು ಅಂತ ಕಲ್ಲಿನಲ್ಲೇ ಇಟ್ಟರು. ಚೀನಾಕ್ಕೆ 635ರಲ್ಲಿ ಕ್ರೈಸ್ತರು ಬಂದದ್ದನ್ನು ಹೇಳುವ 781ರ ಶಾಸನವೂ ಇಲ್ಲಿದೆ, ಬುಡದಲ್ಲಿ ಪಶ್ಚಿಮ ಏಷ್ಯಾದ ಹಳೆಯ ಲಿಪಿ ಸಿರಿಯಾಕ್‌ನ ಅಕ್ಷರಗಳಿವೆ. ಶಾಸನ ನೋಡಿ ಬೆಳೆದ ಸೀಮೆಯವರು ನೀವು, ನಿಮಗೆ ಬೇಜಾರಾಗದು. ಮಗನಿಗೆ ಆದೀತು, ಒಂದು ಗಂಟೆ ಸಾಕು.

ಅಲ್ಲಿಂದ ನಗಾರಿಗೋಪುರದ ಹಿಂದಿನ ಮುಸ್ಲಿಂ ಕೇರಿ. ದೊಡ್ಡ ಮಸೀದಿಯನ್ನು ತಪ್ಪಿಸಬೇಡಿ. ಸ್ಥಾಪನೆ 742ರಲ್ಲಿ ಅನ್ನುತ್ತಾರೆ, ಈಗಿನ ಕಟ್ಟಡಗಳು ಹೆಚ್ಚಾಗಿ ಮಿಂಗ್ ಕಾಲದವು. ಗುಮ್ಮಟ ಇಲ್ಲ. ಪೂರ್ತಿ ಚೀನೀ ಶೈಲಿಯ ಹೆಂಚಿನ ಚಾವಣಿ, ಅಂಗಳದ ಹಿಂದೆ ಅಂಗಳ, ಮಿನಾರಿನ ಜಾಗದಲ್ಲಿ ಎಂಟು ಮೂಲೆಯ ಮಂಟಪ. ರೇಷ್ಮೆ ದಾರಿಯಲ್ಲಿ ಬಂದ ವ್ಯಾಪಾರಿಗಳ ವಂಶದವರು ಈಗಲೂ ಸುತ್ತಮುತ್ತ ಇದ್ದಾರೆ. ಅವರೇ ಹುಯಿ ಜನ. ಮುಖ್ಯ ಬೀದಿಯಲ್ಲಿ ಪ್ರವಾಸಿಗಳ ಗದ್ದಲ. ಪಶ್ಚಿಮಕ್ಕೆ ಸಾಜಿನ್‌ಚಿಯಾವ್ ಕಡೆ ನಡೆದರೆ ಊರಿನವರು ತಿನ್ನುವ ಅಂಗಡಿಗಳು ಸಿಗುತ್ತವೆ.

ಈಗ ಊಟ. ಸುಳ್ಳು ಭರವಸೆ ಕೊಡುವುದಿಲ್ಲ. ಆ ಬೀದಿಗಳಲ್ಲಿ ಕುರಿ, ದನದ ಮಾಂಸದ ವಾಸನೆ ದಟ್ಟವಾಗಿರುತ್ತದೆ. ಅತ್ತೆಯವರಿಗೆ ಕಷ್ಟವಾದರೆ ಮಸೀದಿಯ ಅಂಗಳದಿಂದಲೇ ಹಿಂದಿರುಗಿ. ಆದರೆ ಶಿಆನ್ ಗೋಧಿಯ ಸೀಮೆ, ಮೆಣಸಿನಕಾಯಿ, ಹುಳಿ ಇಷ್ಟಪಡುವ ಸೀಮೆ. ನಮ್ಮ ಬಾಯಿಗೆ ಬೀಜಿಂಗ್‌ಗಿಂತ ಇಲ್ಲೇ ಚೆನ್ನ. ಲಿಯಾಂಗ್‌ಪಿ ಅಂತ ತಣ್ಣನೆಯ ಅಗಲ ಶಾವಿಗೆ ಸಿಗುತ್ತದೆ, ಮೇಲೆ ಸೌತೆಕಾಯಿ, ಮೆಣಸಿನೆಣ್ಣೆ, ವಿನಿಗರ್. ಸಾಮಾನ್ಯವಾಗಿ ಮಾಂಸ ಇರುವುದಿಲ್ಲ. ಯೌಪೋಮಿಯೆನ್ ಅಂದರೆ ಬೇಯಿಸಿದ ನೂಡಲ್ ಮೇಲೆ ಖಾರದಪುಡಿ ಹಾಕಿ ಕಾದ ಎಣ್ಣೆ ಸುರಿದದ್ದು. ಒಗ್ಗರಣೆ ಗೊತ್ತಿರುವ ನಮಗೆ ಅದು ತಕ್ಷಣ ಹಿಡಿಸುತ್ತದೆ. ಸಿಹಿಗೆ ಕಾಕಿ (ಪರ್ಸಿಮನ್) ಹಣ್ಣಿನ ಕಡುಬು, ಹೆಸರುಬೇಳೆಯ ಮೆತ್ತನೆ ಬಿಲ್ಲೆ. "ಮಾಂಸ ಬೇಡ" ಅಂದರೆ ಸಾಲದು, ತುಂಡು ತೆಗೆದು ಅದೇ ಸಾರು ಹಾಕುತ್ತಾರೆ. ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು, ಪ್ರಾಣಿಕೊಬ್ಬು ಯಾವುದೂ ಬೇಡ, ನಾವು ಬೌದ್ಧ ಭಿಕ್ಷುಗಳ ಹಾಗೆ ತಿನ್ನುವವರು ಅಂತ ಚೀನೀ ಭಾಷೆಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಂಡು ತೋರಿಸಿ. ಭಿಕ್ಷುಗಳ ಮಾತು ಬಂದರೆ ಅಡುಗೆಯವರಿಗೆ ಕೂಡಲೇ ಅರ್ಥವಾಗುತ್ತದೆ. ದಿನಕ್ಕೊಂದು ಹೊತ್ತು ರೂಮಿನಲ್ಲೇ ಆಗಲಿ. ಅವಲಕ್ಕಿ, ಉಪ್ಪಿಟ್ಟಿನ ಪುಡಿ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ತೆಗೆದುಕೊಂಡು ಹೋಗಿ. ಹೋಟೆಲ್ ರೂಮಿನಲ್ಲಿ ಕೆಟಲ್ ಇರುತ್ತದೆ. ರೈಲು, ನಿಲ್ದಾಣಗಳಲ್ಲೂ ಕುದಿಯುವ ನೀರು ಪುಕ್ಕಟೆ.

ಹಣಕ್ಕೆ ನಮ್ಮ ಯುಪಿಐ ನಡೆಯುತ್ತದೆ ಅಂದುಕೊಳ್ಳಬೇಡಿ. ಊರಲ್ಲಿರುವಾಗಲೇ ಆಲಿಪೇ ಎಂಬ ಪಾವತಿ ಆ್ಯಪ್ ಹಾಕಿಕೊಂಡು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿನ ಬ್ಯಾಂಕ್ ಕಾರ್ಡ್ ಸೇರಿಸಿ. ಬ್ಯಾಂಕಿನ ಆ್ಯಪ್‌ನಲ್ಲಿ ಆ ಕಾರ್ಡಿಗೆ ವಿದೇಶಿ ವಹಿವಾಟು ತೆರೆದಿರಬೇಕು. 200 ಯುವಾನ್ ದಾಟಿದ ಪಾವತಿಗೆ ಶೇ 3 ಶುಲ್ಕ ಬೀಳುತ್ತದೆ. ಟ್ಯಾಕ್ಸಿಯನ್ನೂ ಆಲಿಪೇಯಲ್ಲೇ ಕರೆಯಬಹುದು. ಸ್ವಲ್ಪ ನಗದು ಬೇರೆ ಇರಲಿ. ವಾಟ್ಸ್‌ಆ್ಯಪ್, ಗೂಗಲ್ ಅಲ್ಲಿನ ವೈಫೈನಲ್ಲಿ ಬರುವುದಿಲ್ಲ, ನಮ್ಮ ಸಿಮ್‌ನ ರೋಮಿಂಗ್‌ನಲ್ಲಿ ಸಾಮಾನ್ಯವಾಗಿ ಬರುತ್ತವೆ. ಚೀನಾದ ಒಳಗೆ ವಿಮಾನ ಹತ್ತುವುದಿದ್ದರೆ ಪವರ್ ಬ್ಯಾಂಕ್ ಬಗ್ಗೆ ಎಚ್ಚರ. 2025ರ ಜೂನ್ ಕೊನೆಯಿಂದ ಅವರ 3ಸಿ ಎಂಬ ಸುರಕ್ಷತಾ ಗುರುತು ಇಲ್ಲದ್ದನ್ನು ದೇಶೀಯ ವಿಮಾನದಲ್ಲಿ ಒಯ್ಯಲು ಬಿಡುತ್ತಿಲ್ಲ. ಅತ್ತೆಯವರಿಗಾಗಿ ಇನ್ನೊಂದು ಮಾತು. ಸಾರ್ವಜನಿಕ ಶೌಚಾಲಯಗಳು ಹೆಚ್ಚಾಗಿ ಕುಕ್ಕರಗಾಲಿನವು. ಮ್ಯೂಸಿಯಂ, ಮಾಲ್‌ಗಳಲ್ಲಿ ಗಾಲಿಕುರ್ಚಿಯ ಚಿತ್ರ ಇರುವ ಬಾಗಿಲು ಹುಡುಕಿದರೆ ಕಮೋಡ್ ಸಿಗುತ್ತದೆ. ಟಿಶ್ಯೂ ಕಾಗದ ಚೀಲದಲ್ಲಿರಲಿ.

ಗೈಡ್ ನಾಲ್ಕೂ ದಿನ ಬೇಡ. ಕೋಟೆ, ಬೀದಿ, ಮಸೀದಿ ನೀವೇ ನೋಡಬಹುದು. ಮೆಟ್ರೋ ಫಲಕಗಳು ಇಂಗ್ಲಿಷಿನಲ್ಲೂ ಇವೆ. ಮೂರನೇ ದಿನಕ್ಕೆ ಮಾತ್ರ ಇಂಗ್ಲಿಷ್ ಬಲ್ಲ ಗೈಡ್ ಮಾಡಿಕೊಳ್ಳಿ. ಮಾಡಿಕೊಳ್ಳುವ ಮೊದಲೇ ಮೂರು ಮಾತು ಕೇಳಿ ಒಪ್ಪಿಸಿ: ಅಂಗಡಿಗೆ ಕರೆದೊಯ್ಯಬಾರದು, ಒಂದನೇ ಗುಂಡಿ ಕೊನೆಗೆ, ಲಿಶಾನ್ ಉದ್ಯಾನ ಬಿಡಬಾರದು. ಮೂರಕ್ಕೂ ಒಪ್ಪದಿದ್ದರೆ ಬೇರೆಯವರನ್ನು ನೋಡಿ, ಲಿಂತಾಂಗ್ ಬಲ್ಲ ಗೈಡ್‌ಗಳಿಗೆ ಶಿಆನ್‌ನಲ್ಲಿ ಕೊರತೆ ಇಲ್ಲ.